ಮನೆಯ ಹೆಸರು ಹಿಡಿದು ಮೂಲ ಹುಡುಕುವವರು

ವಿರಾಜಪೇಟೆಯಿಂದ ಗೋಣಿಕೊಪ್ಪಕ್ಕೆ ಹೋಗುವ ದಾರಿಯಲ್ಲಿ ಬಿಟ್ಟಂಗಾಲ ಸಿಗುತ್ತದೆ. ಕಾಫಿ ತೋಟ, ಗದ್ದೆ ಬಯಲುಗಳ ಈ ಸೀಮೆಯಲ್ಲಿ ಹೊಸಬರೊಬ್ಬರು ಬಂದು, ತಾವು ಕೊಡಗಿನವರೇ, ಅಜ್ಜನ ಕಾಲಕ್ಕೇ ಊರು ಬಿಟ್ಟವರು ಎಂದು ಹೇಳಿಕೊಂಡರೆ, ಹಿರಿಯರು ಅಜ್ಜನ ಹೆಸರನ್ನು ಮೊದಲು ಕೇಳುವುದಿಲ್ಲ. ಮನೆಪೆದ ಯಾವುದು ಎನ್ನುತ್ತಾರೆ. ಮನೆಪೆದ ಎಂದರೆ ಮನೆತನದ ಹೆಸರು. ಅದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಗೊತ್ತಿಲ್ಲದಿದ್ದರೆ ಅಜ್ಜ ಎಷ್ಟೇ ದೊಡ್ಡ ಹುದ್ದೆಯಲ್ಲಿದ್ದರೂ ಪ್ರಯೋಜನವಿಲ್ಲ.

ಕೊಡವರಲ್ಲಿ ಒಬ್ಬ ಮೂಲಪುರುಷನಿಂದ ಗಂಡುಸಂತಾನದ ಮೂಲಕ ಇಳಿದುಬಂದವರೆಲ್ಲ ಸೇರಿ ಒಂದು ‘ಒಕ್ಕ’. ಒಕ್ಕಕ್ಕೊಂದು ಐನ್‌ಮನೆ, ಅದರ ಹತ್ತಿರ ಮೂಲಪುರುಷನಾದ ‘ಕಾರಣ’ನ ನೆನಪಿಗೊಂದು ಕೈಮಡ, ವ್ಯವಹಾರ ನೋಡಿಕೊಳ್ಳಲು ಹಿರಿಯನಾದ ಪಟ್ಟೇದಾರ. ಒಕ್ಕದ ಹೆಸರು ವ್ಯಕ್ತಿಯ ಹೆಸರಿಗಿಂತ ಮುಂದೆ ನಿಲ್ಲುತ್ತದೆ. 1949ರಲ್ಲಿ ಭಾರತದ ಸೇನೆಯ ಮೊದಲ ಭಾರತೀಯ ದಂಡನಾಯಕರಾದ ಕೊಡಂದೇರ ಕಾರ್ಯಪ್ಪ ಮತ್ತು 1957ರಲ್ಲಿ ಅದೇ ಸೇನೆಯ ಮುಖ್ಯಸ್ಥರಾದ ಕೊಡಂದೇರ ತಿಮ್ಮಯ್ಯ ಒಂದೇ ಒಕ್ಕದವರೆಂಬುದು ಹೆಸರು ಕೇಳಿದೊಡನೆ ತಿಳಿಯುವುದು ಹೀಗೆ. ಐನ್‌ಮನೆ ಕೊಡವರಿಗಷ್ಟೇ ಸೀಮಿತವೂ ಅಲ್ಲ. ಅರೆಭಾಷೆ ಗೌಡರಿಗೂ, ಕೊಡಗಿನ ಇನ್ನೂ ಕೆಲವು ಸಮುದಾಯಗಳಿಗೂ ಅದು ಉಂಟು.

ಬಯಲುಸೀಮೆಯಲ್ಲಿ ಈ ಕೆಲಸಕ್ಕೆ ಬೇರೆ ಜನ ಇದ್ದರು. ಎತ್ತಿನ ಮೇಲೆ ಕುಳಿತು ಸುಗ್ಗಿ ಮುಗಿದ ಮೇಲೆ ಬರುವ ಹೆಳವರು ಒಂದೊಂದು ಮನೆಯ ಮುಂದೆ ನಿಂತು ಆ ವಂಶದವರ ಹೆಸರುಗಳನ್ನು ಸರಾಗವಾಗಿ ಒಪ್ಪಿಸುತ್ತಿದ್ದರು. ಹೊಸದಾಗಿ ಹುಟ್ಟಿದವರನ್ನು ಲೆಕ್ಕಕ್ಕೆ ಸೇರಿಸಿಕೊಂಡು, ದವಸ ಪಡೆದು ಮುಂದಿನ ಊರಿಗೆ ಹೋಗುತ್ತಿದ್ದರು. ವಂಶಾವಳಿಯನ್ನೇ ವೃತ್ತಿಯಾಗಿ ಮಾಡಿಕೊಂಡವರು ಅವರು. ಕೊಡಗಿನಲ್ಲಿ ಆ ಭಾರ ಹೊತ್ತವನು ‘ಅರುವ’. ಪದದ ಅರ್ಥವೇ ಅರಿತವನು ಎಂದು. ಒಂದು ಒಕ್ಕಕ್ಕೆ ಇನ್ನೊಂದು ಒಕ್ಕದವರು ತಲೆಮಾರುಗಳಿಂದ ಅರುವರಾಗಿ ನಡೆದುಕೊಂಡು ಬರುತ್ತಾರೆ. ಮದುವೆಯ ‘ಸಂಬಂಧ ಅಡ್‌ಕುವ’ ಶಾಸ್ತ್ರದಲ್ಲಿ ಎರಡೂ ಕಡೆಯ ಅರುವರು ಎದುರುಬದುರು ನಿಂತು, ಹೆಣ್ಣು ಯಾವ ಒಕ್ಕದಿಂದ ಯಾವ ಒಕ್ಕಕ್ಕೆ, ಯಾವ ಹಕ್ಕಿನೊಂದಿಗೆ ಹೋಗುತ್ತಿದ್ದಾಳೆ ಎಂಬುದನ್ನು ಕಲ್ಲಿನ ಹರಳುಗಳ ಸಾಕ್ಷಿಯಲ್ಲಿ ಮಾತಾಗಿಸುತ್ತಾರೆ. ಸಾಕ್ಷಿಗೆ ಸೇರಿದ ಊರೇ ಸಾಕಾದಾಗ ಹಣ ಕೊಟ್ಟು ಸಂಶೋಧಕನನ್ನು ಕರೆಯುವ ಪ್ರಮೇಯ ಬರಲಿಲ್ಲ.

ಸಾವಿರಾರು ಮೈಲಿ ಆಚೆಯ ವೇಲ್ಸ್ ದೇಶದ ಕಥೆ ಇದಕ್ಕೆ ತಿರುವುಮುರುವು. ಅಲ್ಲಿ ಮನೆತನದ ಹೆಸರೇ ಬಹುಕಾಲ ಸ್ಥಿರವಾಗಿರಲಿಲ್ಲ. ತಂದೆಯ ಹೆಸರಿನ ಹಿಂದೆ ‘ಆಪ್’, ಅಂದರೆ ಮಗ, ಎಂದು ಸೇರಿಸುವುದು ರೂಢಿ. ಹೀಗಾಗಿ ಪ್ರತಿ ತಲೆಮಾರಿಗೂ ಹೆಸರು ಬದಲು. ಕೊನೆಗೆ ಇಂಗ್ಲಿಷ್ ಪದ್ಧತಿಗೆ ಒಗ್ಗಿಕೊಂಡಾಗ ಊರು ತುಂಬ ಜೋನ್ಸ್, ಡೇವಿಸ್, ವಿಲಿಯಮ್ಸ್‌ಗಳೇ ಆದರು. ಅವರನ್ನು ಬೇರ್ಪಡಿಸಲು ಜನ ಹೊಲಮನೆಯ ಹೆಸರನ್ನು ಹಿಡಿದರು. ವೇಲ್ಸಿನಲ್ಲಿ ಮನೆಯ ಚರಿತ್ರೆ ಬಿಟ್ಟು ಮನೆತನದ ಚರಿತ್ರೆ ಹುಡುಕುವುದು ಕಷ್ಟವೆನ್ನಲು ಇದೇ ಕಾರಣ. 1836ರ ಕಾಯ್ದೆಯಂತೆ ಚರ್ಚಿನ ದಶಾಂಶ ತೆರಿಗೆಗಾಗಿ ತಯಾರಾದ ನಕ್ಷೆಗಳಲ್ಲಿ ಯಾವ ಹೊಲ ಯಾರದು, ಉಳುವವರು ಯಾರು ಎಂಬುದೆಲ್ಲ ಇದೆ. ಅವು ಆಬರಿಸ್ಟ್ವಿತ್ ಪಟ್ಟಣದ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಅವನ್ನೂ ಚರ್ಚಿನ ದಫ್ತರಗಳನ್ನೂ ಓದಿ ಕೊಡುವುದನ್ನೇ ಕಸುಬಾಗಿಸಿಕೊಂಡವರಿದ್ದಾರೆ. ಅಮೆರಿಕ, ಆಸ್ಟ್ರೇಲಿಯಗಳಿಂದ ಮೂಲ ಹುಡುಕಿ ಬರುವವರೇ ಅವರ ಗಿರಾಕಿಗಳು.

ಬಿಟ್ಟಂಗಾಲಕ್ಕೂ ಈಗ ಅಂಥ ಕಾಲ ಬಂದಿದೆ. ಬೆಂಗಳೂರು, ಮೈಸೂರುಗಳಲ್ಲಿ ಹುಟ್ಟಿದವರು, ಹೊರದೇಶಗಳಲ್ಲಿ ನೆಲೆಸಿದವರು ಪುತ್ತರಿಗೆ ಐನ್‌ಮನೆಯ ಹೊಸ್ತಿಲು ತುಳಿದರೆ ಅದೇ ಹೆಚ್ಚು. ಬಾಯಿಂದ ಬಾಯಿಗೆ ಬಂದದ್ದು ನಿಂತರೆ ಉಳಿಯುವುದು ಕಾಗದ.

ಕೊಡಗಿನ ಕಾಗದ ಹೆಚ್ಚಾಗಿ ಭೂಮಿಯದು. 1811ರಿಂದ 1820ರವರೆಗೆ ಆಳಿದ ಲಿಂಗರಾಜೇಂದ್ರನ ಕಾಲದ ‘ಶಿಸ್ತು’ ಎಂಬ ಕಂದಾಯ ದಾಖಲೆ ಅವುಗಳಲ್ಲಿ ಮುಖ್ಯವಾದದ್ದು. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ ಮೇಲೂ ಜಮ್ಮಾ ಹಿಡುವಳಿ ಮುಂದುವರಿಯಿತು. ಜನ್ಮದಿಂದ ಬರುವ ಹಕ್ಕಾದ್ದರಿಂದ ಅದು ಜಮ್ಮ. ಗದ್ದೆಗೆ ಹೊಂದಿಕೊಂಡ ಬಾಣೆ ಸೌದೆಗೆ, ದನ ಮೇಯಲು. ಕಂದಾಯ ಸಾಗು ಜಮೀನಿನ ಅರ್ಧ. ಭೂಮಿ ಒಕ್ಕದ್ದು, ಖಾತೆ ಪಟ್ಟೇದಾರನ ಹೆಸರಿನಲ್ಲಿ. ತೊಡಕು ಇರುವುದೂ ಇಲ್ಲೇ. ಕಾಲವಾಗಿ ದಶಕಗಳೇ ಕಳೆದ ಪಟ್ಟೇದಾರನ ಹೆಸರೇ ಪಹಣಿಯಲ್ಲಿ ಉಳಿದು, ಉಳುಮೆ ಮಾಡುವವನಿಗೆ ಬ್ಯಾಂಕಿನ ಸಾಲ ಸಿಗದ ನಿದರ್ಶನಗಳು ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಆಗ ಕಂದಾಯ ಇಲಾಖೆ ಕೇಳುವುದು ವಂಶವೃಕ್ಷ. ಅಜ್ಜನ ಅಣ್ಣ ಯಾರು, ಅವನಿಗೆ ಮಕ್ಕಳಿದ್ದರೇ ಎಂಬ ಪ್ರಶ್ನೆ ಹರಟೆಯ ವಿಷಯವಾಗಿ ಉಳಿಯುವುದಿಲ್ಲ. ಕೋವಿಯ ಹಕ್ಕೂ ಇದಕ್ಕೇ ತಳುಕು ಹಾಕಿಕೊಂಡಿದೆ: ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿತು, 2021ರಲ್ಲಿ ಹೈಕೋರ್ಟು ಎತ್ತಿಹಿಡಿಯಿತು.

ಹುಡುಕುವವರು ಎಡವುವ ಜಾಗಗಳೂ ಕಡಿಮೆಯಿಲ್ಲ. ಪೊನ್ನಪ್ಪ, ಮುತ್ತಣ್ಣ, ಉತ್ತಪ್ಪ ಎಂಬ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಅಜ್ಜನನ್ನು ಮೊಮ್ಮಗನೆಂದು ತಿಳಿದರೆ ಎರಡು ತಲೆಮಾರು ಮಾಯ. ಗಂಡುಸಂತತಿ ಇಲ್ಲದ ಒಕ್ಕ ಅಳಿಯದಂತೆ ನಡೆಯುವ ‘ಮಕ್ಕಪರಿಜೆ’ ಮದುವೆಯಲ್ಲಿ ಮಕ್ಕಳು ತಾಯಿಯ ಒಕ್ಕಕ್ಕೆ ಸೇರುತ್ತಾರೆ; ‘ಒಕ್ಕಪರಿಜೆ’ಯಲ್ಲಿ ಅಳಿಯನೇ ಹೆಂಡತಿಯ ಒಕ್ಕದವನಾಗುತ್ತಾನೆ. ಇದು ತಿಳಿಯದೆ ತಂದೆಯ ಜಾಡನ್ನೇ ಹಿಡಿದು ಹೋದವನಿಗೆ ದಾರಿ ತಪ್ಪುವುದು ಖಂಡಿತ. ಮನೆಯ ವಯಸ್ಸು ಹೇಳುವಾಗಲೂ ಅಷ್ಟೇ. ನೆಲ್ಲಕ್ಕಿ ಬಾಡೆಯ ಕೆತ್ತನೆಯ ಕಂಬ, ಕೈಯಾಲೆಯ ಐಮರದ ಹಲಗೆ ಹಳೆಯವಿರಬಹುದು. ಮಂಗಳೂರು ಹೆಂಚು ಮಾತ್ರ ಬಾಸೆಲ್ ಮಿಷನ್ 1865ರಲ್ಲಿ ಕಾರ್ಖಾನೆ ತೆರೆದ ನಂತರದ್ದು. ಹೆಂಚಿನ ಅಚ್ಚು ನೋಡಿ ಗೋಡೆಯ ಕಾಲ ಹೇಳಬಾರದು, ಹುಲ್ಲಿನ ಮಾಡು ತೆಗೆದು ಹೆಂಚು ಹಾಕಿಸಿದ ಮನೆಗಳು ಎಷ್ಟೋ ಇವೆ.

ಈ ನೆನಪುಗಳನ್ನು ಬರಹಕ್ಕಿಳಿಸಿದವರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರದು ಮೊದಲ ಹೆಸರು. ಪೊಲೀಸ್ ಇಲಾಖೆಯಲ್ಲಿದ್ದ ಅವರು ಸಂಗ್ರಹಿಸಿದ ಕೊಡವರ ಹಾಡು, ಆಚಾರಗಳ ‘ಪಟ್ಟೋಲೆ ಪಳಮೆ’ 1924ರಲ್ಲಿ ಅಚ್ಚಾಯಿತು. ಅದನ್ನು ಇಂಗ್ಲಿಷಿಗೆ ತಂದ ಮೊಮ್ಮಕ್ಕಳು ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಬಳಿಕ ಊರೂರು ಸುತ್ತಿ, ಐನ್‌ಮನೆಗಳ ಹೊಸ್ತಿಲಲ್ಲಿ ಕುಳಿತು ಹಿರಿಯರ ಮಾತು ಕೇಳಿ, ಅವುಗಳ ವಿವರ, ಚಿತ್ರಗಳನ್ನು ಕಲೆಹಾಕಿ 2014ರಲ್ಲಿ ಪುಸ್ತಕ ಮಾಡಿದರು. ಸಂಭಾವನೆಗೆ ಮಾಡುವ ಕೆಲಸ ಇದಲ್ಲ. ಇತ್ತ 1997ರಲ್ಲಿ ಕರಡದಲ್ಲಿ 60 ಒಕ್ಕಗಳ ತಂಡಗಳೊಂದಿಗೆ ಶುರುವಾದ ಕೊಡವ ಹಾಕಿ ಹಬ್ಬ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳನ್ನು ಕಂಡಿತು. ತಂಡ ಕಟ್ಟಲು ಹೊರಟ ಹುಡುಗರು ಎಲ್ಲೆಲ್ಲೋ ಇರುವ ದಾಯಾದಿಗಳನ್ನು ಹುಡುಕಬೇಕಾಗುತ್ತದೆ. ಹಾಕಿ ಕೋಲು ವಂಶವೃಕ್ಷ ಬರೆಸುತ್ತದೆಂದು ಯಾರು ಎಣಿಸಿದ್ದರು!

ಆದರೆ ಮೇಲೆ ಹೇಳಿದ ದಾರಿಗಳೆಲ್ಲ ಐನ್‌ಮನೆ ಇದ್ದವರಿಗೆ, ಜಮ್ಮಾ ಇದ್ದವರಿಗೆ. ಅದೇ ಗದ್ದೆಗಳಲ್ಲಿ ತಲೆಮಾರುಗಳಿಂದ ದುಡಿದ ಯರವರಿಗೆ, ಒಂದು ಕಾಲದಲ್ಲಿ ಭೂಮಿಯೊಂದಿಗೇ ಕೈ ಬದಲಾಗುತ್ತಿದ್ದ ಆಳುಗಳ ಸಂತತಿಗೆ ಪಟ್ಟೇದಾರನ ಖಾತೆಯಲ್ಲಿ ಹೆಸರಿಲ್ಲ. ಬ್ರಿಟನ್ನಿನಲ್ಲಿ ಬಡ ಕೂಲಿಯ ಹೆಸರೂ ಜನಗಣತಿಯ ಹಾಳೆಯಲ್ಲಿ ಸಿಗುತ್ತದೆ, ನೂರು ವರ್ಷ ಕಳೆದ ಮೇಲೆ ಯಾರು ಬೇಕಾದರೂ ನೋಡಬಹುದು. ನಮ್ಮಲ್ಲಿ 1948ರ ಜನಗಣತಿ ಕಾಯ್ದೆಯ ಪ್ರಕಾರ ಮನೆಮನೆಯ ವಿವರ ಗೋಪ್ಯ. ಅವರ ಮಕ್ಕಳು ಮೂಲ ಹುಡುಕುವುದಾದರೆ ಶಾಲೆಯ ದಾಖಲಾತಿ ಪುಸ್ತಕ, ತೋಟದ ಕೂಲಿ ಲೆಕ್ಕ, ಹಾಡಿಯ ಅಜ್ಜಿಯರ ನೆನಪು, ಇವುಗಳಿಂದಲೇ ಪ್ರಾರಂಭಿಸಬೇಕು. ಹಳೆಯ ಕೂಲಿ ಪುಸ್ತಕಗಳು ತೋಟದ ಮನೆಗಳ ಅಟ್ಟದಲ್ಲಿ ಗೆದ್ದಲಿಗೆ ಬೀಳದಂತೆ ಯಾರಾದರೂ ಇಳಿಸಿಟ್ಟರೆ ಅದೂ ಸಾಧ್ಯ.