ಕಂಪನಿ ಮುಳುಗಿದರೂ ವಿಮಾನ ಹಾರಬೇಕಲ್ಲ!

ಒಂದು ಸ್ಟಾರ್ಟಪ್ ಬಾಗಿಲು ಮುಚ್ಚಿದರೆ ಏನಾಗುತ್ತದೆ? ಅದು ಆ್ಯಪ್ ಕಂಪನಿಯಾಗಿದ್ದರೆ ಫೋನಿನಿಂದ ಅಳಿಸಿ ಹಾಕಿ ಇನ್ನೊಂದನ್ನು ಇಳಿಸಿಕೊಳ್ಳುತ್ತೇವೆ. ಆದರೆ ಆ ಕಂಪನಿ ಮಾರಿದ್ದು ಜೆಟ್ ವಿಮಾನವಾಗಿದ್ದರೆ? ಹಾಗೆ ಮಾರಿದ 260 ವಿಮಾನಗಳು ಆಗಲೇ ಆಕಾಶದಲ್ಲಿದ್ದರೆ?

2009ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿ ನಗರದಲ್ಲಿ ನಡೆದದ್ದು ಇದೇ. ಎಕ್ಲಿಪ್ಸ್ ಏವಿಯೇಷನ್ ಎಂಬ ಕಂಪನಿ ದಿವಾಳಿಯಾಯಿತು. ಆರು ತಿಂಗಳ ನಂತರ ಅದೇ ಊರಿನಲ್ಲಿ, ಅದೇ ವಿಮಾನಕ್ಕಾಗಿ ಹೊಸ ಕಂಪನಿಯೊಂದು ಬಾಗಿಲು ತೆರೆಯಿತು. ಮೆಕ್ಯಾನಿಕಲ್ ಓದುತ್ತಾ ಕೆಲಸ ಹುಡುಕುತ್ತಿರುವ ನನ್ನಂಥವರಿಗೆ ಈ ಕಥೆಯಲ್ಲಿ ಕಲಿಯುವುದು ಬಹಳ ಇದೆ.

ಅಗ್ಗದ ಜೆಟ್‌ನ ಲೆಕ್ಕಾಚಾರ

ಎಕ್ಲಿಪ್ಸ್ ಅನ್ನು 1998ರಲ್ಲಿ ಕಟ್ಟಿದವರು ವರ್ನ್ ರೇಬರ್ನ್. ಮೈಕ್ರೋಸಾಫ್ಟ್‌ನ ಆರಂಭದ ದಿನಗಳಲ್ಲಿ ಅಲ್ಲಿ ಹಿರಿಯ ಹುದ್ದೆಯಲ್ಲಿದ್ದವರು. ಬಿಲ್ ಗೇಟ್ಸ್ ಕೂಡ ಈ ಕಂಪನಿಗೆ ಹಣ ಹಾಕಿದ್ದರು. ಕಂಪ್ಯೂಟರ್ ಅಗ್ಗವಾದ ಹಾಗೆ ಜೆಟ್ ವಿಮಾನವನ್ನೂ ಅಗ್ಗ ಮಾಡಬಹುದು ಎಂಬುದು ರೇಬರ್ನ್ ನಂಬಿಕೆ. ಹೆಚ್ಚು ತಯಾರಿಸಿದರೆ ಒಂದೊಂದರ ಖರ್ಚು ಇಳಿಯುತ್ತದೆ, ಬೆಲೆ ಇಳಿದರೆ ಕೊಳ್ಳುವವರು ಹೆಚ್ಚುತ್ತಾರೆ.

ಅವರು ಮಾಡಲು ಹೊರಟಿದ್ದು ‘ವೆರಿ ಲೈಟ್ ಜೆಟ್’, ಅಂದರೆ ಒಬ್ಬನೇ ಪೈಲಟ್ ಹಾರಿಸಬಲ್ಲ ತೀರಾ ಹಗುರ ಜೆಟ್. ಎಕ್ಲಿಪ್ಸ್ 500ರಲ್ಲಿ ಪೈಲಟ್ ಸೇರಿ ಆರು ಸೀಟು, ಎರಡು ಪುಟ್ಟ ಎಂಜಿನ್. ಇಂಧನ, ಪ್ರಯಾಣಿಕರು ಎಲ್ಲ ಸೇರಿದರೂ ತೂಕ ಸುಮಾರು 2,700 ಕೆ.ಜಿ. ಆದರೂ ಗಂಟೆಗೆ 680 ಕಿ.ಮೀ. ಆಸುಪಾಸಿನ ವೇಗದಲ್ಲಿ, 41,000 ಅಡಿ ಎತ್ತರದವರೆಗೆ ಹಾರಬಲ್ಲದು. ಕಂಪನಿ ಮೊದಲು ಹೇಳಿದ ಬೆಲೆ 8.37 ಲಕ್ಷ ಡಾಲರ್. ಆಗ ಬೇರೆ ಯಾವ ಜೆಟ್ಟೂ ಈ ಬೆಲೆಯ ಹತ್ತಿರಕ್ಕೆ ಬರುತ್ತಿರಲಿಲ್ಲ.

ತಂತ್ರಜ್ಞಾನದಲ್ಲಿ ಮೋಸವಿರಲಿಲ್ಲ. ವಿಮಾನದ ಅಲ್ಯೂಮಿನಿಯಂ ಹಾಳೆಗಳನ್ನು ಸಾಮಾನ್ಯವಾಗಿ ಸಾವಿರಾರು ರಿವೆಟ್ ಹೊಡೆದು ಜೋಡಿಸುತ್ತಾರೆ. ಎಕ್ಲಿಪ್ಸ್ ಬಹುಪಾಲು ಕಡೆ ‘ಫ್ರಿಕ್ಷನ್ ಸ್ಟರ್ ವೆಲ್ಡಿಂಗ್’ ಬಳಸಿತು. ವೇಗವಾಗಿ ತಿರುಗುವ ಉಪಕರಣವೊಂದನ್ನು ಜೋಡಣೆಯ ಗೆರೆಯ ಮೇಲೆ ಒತ್ತಿ ಸಾಗಿಸಿದರೆ, ಉಜ್ಜುವ ಬಿಸಿಗೆ ಲೋಹ ಕರಗದೆಯೇ ಮೆತ್ತಗಾಗಿ ಒಂದರೊಳಗೊಂದು ಬೆರೆಯುತ್ತದೆ. 1991ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ವಿಧಾನವನ್ನು ಪುಟ್ಟ ಜೆಟ್‌ಗೆ ಈ ಪ್ರಮಾಣದಲ್ಲಿ ತಂದದ್ದು ದೊಡ್ಡ ಸಾಧನೆಯೇ. ಅಮೆರಿಕದ ವೈಮಾನಿಕ ರಂಗದ ಪ್ರತಿಷ್ಠಿತ ಕಾಲಿಯರ್ ಟ್ರೋಫಿಯೂ ಕಂಪನಿಗೆ ಬಂತು.

ಎಡವಿದ್ದು ಎಲ್ಲಿ?

2002ರ ಆಗಸ್ಟ್‌ನಲ್ಲಿ ಮೊದಲ ಹಾರಾಟ ನಡೆಯಿತು. ಆದರೆ ಎಂಜಿನ್ ಸಾಲಲಿಲ್ಲ. ಆ ಎಂಜಿನ್ ಕಂಪನಿಯ ಒಪ್ಪಂದ ಬಿಟ್ಟು ಪ್ರ್ಯಾಟ್ ಆ್ಯಂಡ್ ವಿಟ್ನಿ ಕೆನಡಾದ ಎಂಜಿನ್ ಹಾಕಲು ಹೋದಾಗ ವಿಮಾನದ ವಿನ್ಯಾಸವನ್ನೇ ಬದಲಿಸಬೇಕಾಯಿತು, ವರ್ಷಗಳು ಕಳೆದವು. ಮುಂದೆ ಕಾಕ್‌ಪಿಟ್‌ನ ಎಲೆಕ್ಟ್ರಾನಿಕ್ ವ್ಯವಸ್ಥೆಗೂ ಪೂರೈಕೆದಾರರನ್ನು ಬದಲಿಸಿದರು. ಪೂರ್ಣ ಪ್ರಮಾಣಪತ್ರ ಸಿಕ್ಕಿದ್ದು 2006ರ ಸೆಪ್ಟೆಂಬರ್ ಕೊನೆಗೆ.

ಅಷ್ಟರಲ್ಲಿ ಹಣದ ಒತ್ತಡ ಶುರುವಾಗಿತ್ತು. ಕೆಲವು ಸೌಲಭ್ಯಗಳು ಸಿದ್ಧವಾಗುವ ಮೊದಲೇ ವಿಮಾನಗಳನ್ನು ಗ್ರಾಹಕರಿಗೆ ಕೊಟ್ಟರು. ಮಂಜುಗಡ್ಡೆ ಕಟ್ಟುವ ಹವಾಮಾನದಲ್ಲಿ ಹಾರುವ ಅನುಮತಿ, ಪೂರ್ತಿ ಜಿಪಿಎಸ್ ಸಂಚಾರ ವ್ಯವಸ್ಥೆ ಇಂಥವನ್ನೆಲ್ಲ ಆಮೇಲೆ ಅಳವಡಿಸಿಕೊಡುತ್ತೇವೆ ಎಂಬ ಭರವಸೆ ಕೊಟ್ಟರು. 2007ರಲ್ಲಿ 98, 2008ರಲ್ಲಿ 161 ವಿಮಾನ ಹೊರಬಂದವು. ವರ್ಷಕ್ಕೆ 161 ಜೆಟ್ ಅಂದರೆ ಸಣ್ಣ ಸಂಖ್ಯೆಯಲ್ಲ. ಆದರೆ ಬೆಲೆ ನಿಗದಿ ಮಾಡುವಾಗ ಹಾಕಿಕೊಂಡ ಲೆಕ್ಕ ವರ್ಷಕ್ಕೆ ನೂರಾರು, ಮುಂದೆ ಸಾವಿರದ ಹತ್ತಿರ ಎಂಬುದಾಗಿತ್ತು. ಲೆಕ್ಕಕ್ಕೂ ವಾಸ್ತವಕ್ಕೂ ನಡುವೆ ಬಿದ್ದ ಕಂದಕವನ್ನು ತುಂಬುವವರು ಯಾರು?

ತುಂಬಿದ್ದು ಗ್ರಾಹಕರು. ಬೆಲೆ 21.5 ಲಕ್ಷ ಡಾಲರ್‌ಗೆ ಏರಿತು. ವಿಮಾನ ಕೈಗೆ ಸಿಗುವ ತಿಂಗಳುಗಳ ಮೊದಲೇ ಶೇ 60ರಷ್ಟು ಹಣ ಕಟ್ಟಿ ಎಂದು ಕೇಳಿದರು. 2008ರ ಜೂನ್‌ನಲ್ಲಿ ಷಿಕಾಗೊದ ಮಿಡ್‌ವೇ ನಿಲ್ದಾಣದಲ್ಲಿ ಇಳಿಯುತ್ತಿದ್ದ ಎಕ್ಲಿಪ್ಸ್ ವಿಮಾನದ ಎರಡೂ ಎಂಜಿನ್‌ಗಳು ಗರಿಷ್ಠ ಶಕ್ತಿಯಲ್ಲೇ ಸಿಕ್ಕಿಕೊಂಡವು. ಪೈಲಟ್‌ಗಳ ಜಾಣ್ಮೆಯಿಂದ ಯಾರಿಗೂ ಗಾಯವಾಗಲಿಲ್ಲ. ಆದರೆ ವಿಮಾನಯಾನ ಆಡಳಿತ ಎಲ್ಲ ಎಕ್ಲಿಪ್ಸ್‌ಗಳ ತುರ್ತು ತಪಾಸಣೆಗೆ ಆದೇಶಿಸಿತು. ಸೆಪ್ಟೆಂಬರ್‌ನಲ್ಲಿ ಇನ್ನೊಂದು ಪೆಟ್ಟು. ಫ್ಲಾರಿಡಾದ ಡೇಜೆಟ್ ಎಂಬ ಏರ್ ಟ್ಯಾಕ್ಸಿ ಕಂಪನಿ ಬಾಗಿಲು ಮುಚ್ಚಿತು. ಎಕ್ಲಿಪ್ಸ್‌ನ ಆರ್ಡರ್ ಪುಸ್ತಕದ ದೊಡ್ಡ ಪಾಲು ಡೇಜೆಟ್ ಹೆಸರಿನಲ್ಲಿತ್ತು. ಅದು ನಿಜಕ್ಕೂ ತೆಗೆದುಕೊಂಡದ್ದು 28 ವಿಮಾನ ಮಾತ್ರ.

ಜಗತ್ತಿನ ಹಣಕಾಸು ಮಾರುಕಟ್ಟೆ ಕುಸಿದು ಬಿದ್ದ ತಿಂಗಳುಗಳವು. 2008ರ ನವೆಂಬರ್ 25ರಂದು ಎಕ್ಲಿಪ್ಸ್ ದಿವಾಳಿ ಅರ್ಜಿ ಹಾಕಿತು.

ಕೋರ್ಟಿನ ಎರಡು ಬಾಗಿಲು

ಅಮೆರಿಕದ ದಿವಾಳಿ ಕಾನೂನಿನಲ್ಲಿ ಎರಡು ದಾರಿಗಳಿವೆ. ‘ಚಾಪ್ಟರ್ 11’ರಲ್ಲಿ ಕಂಪನಿ ಉಸಿರಾಡುತ್ತಲೇ ಸಾಲ ಹೊಂದಿಸಿಕೊಳ್ಳಬಹುದು ಅಥವಾ ಇಡಿಯಾಗಿ ಮಾರಾಟವಾಗಬಹುದು. ‘ಚಾಪ್ಟರ್ 7’ ಅಂದರೆ ಕೆಲಸ ನಿಲ್ಲಿಸಿ, ಇದ್ದದ್ದನ್ನು ಮಾರಿ, ಸಾಲಗಾರರಿಗೆ ಹಂಚುವುದು. ನಮ್ಮ 2016ರ ದಿವಾಳಿ ಸಂಹಿತೆಯಲ್ಲೂ ಪುನಶ್ಚೇತನ, ಪರಿಸಮಾಪನೆ ಎಂಬ ಎರಡು ಹಂತಗಳಿವೆ. 2019ರಲ್ಲಿ ನಿಂತುಹೋದ ಜೆಟ್ ಏರ್‌ವೇಸ್ ಮೊದಲ ಬಾಗಿಲಲ್ಲಿ ವರ್ಷಗಟ್ಟಲೆ ಕಾದು, 2024ರಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಎರಡನೆಯ ಬಾಗಿಲಿಗೆ ಹೋದದ್ದು ನೆನಪಿರಬಹುದು.

ಎಕ್ಲಿಪ್ಸ್‌ಗೂ ಹಾಗೇ ಆಯಿತು. ಅಷ್ಟರಲ್ಲಿ ರೇಬರ್ನ್ ಜಾಗಕ್ಕೆ ಬಂದಿದ್ದ ಡಚ್ ಉದ್ಯಮಿ ರೂಲ್ ಪೀಪರ್ ತಮ್ಮದೇ ಇನ್ನೊಂದು ಸಂಸ್ಥೆಯ ಮೂಲಕ ಕಂಪನಿಯನ್ನು ಕೊಳ್ಳಲು ಮುಂದಾದರು. ಕೋರ್ಟ್ ಒಪ್ಪಿತು. ಆದರೆ ರಷ್ಯಾದ ಸರ್ಕಾರಿ ಬ್ಯಾಂಕಿನಿಂದ ಬರಬೇಕಿದ್ದ ಹಣ ಬರಲೇ ಇಲ್ಲ. 2009ರ ಫೆಬ್ರುವರಿ ಕೊನೆಗೆ ಉಳಿದಿದ್ದ ನೌಕರರನ್ನೂ ಮನೆಗೆ ಕಳಿಸಿದರು. ಕಾರ್ಖಾನೆಯ ದೀಪ ಆರಿತು.

ಈಗ ವಿಮಾನ ಕೊಂಡವರ ಪಾಡು ನೋಡಿ. ವಿಮಾನ ಕಾರಿನ ಹಾಗಲ್ಲ. ಪಕ್ಕದ ಗ್ಯಾರೇಜಿನಲ್ಲಿ ಸಿಕ್ಕ ಭಾಗ ಹಾಕಿ ಓಡಿಸುವಂತಿಲ್ಲ. ಪ್ರತಿ ಬಿಡಿಭಾಗಕ್ಕೂ ಮಾನ್ಯತೆ ಬೇಕು, ನಿಗದಿತ ತಪಾಸಣೆ ಆಗಬೇಕು, ಹೊಸ ದೋಷ ಕಂಡುಬಂದರೆ ಪರಿಹಾರ ಹೇಳಲು ಮೂಲ ನಕ್ಷೆ ಬಲ್ಲವರು ಬೇಕು. ಅವರಿಲ್ಲದಿದ್ದರೆ ಎರಡು ಮಿಲಿಯನ್ ಡಾಲರಿನ ವಿಮಾನವೂ ಹ್ಯಾಂಗರ್‌ನಲ್ಲಿ ನಿಂತ ಸಾಮಾನು. ಇನ್ನು ಮುಂಗಡ ಕಟ್ಟಿ ವಿಮಾನವನ್ನೇ ಕಾಣದವರು ಸಾಲಗಾರರ ಸಾಲಿನ ಕೊನೆಯಲ್ಲಿ ನಿಂತರು.

ರಿಪೇರಿಯಿಂದ ಶುರುವಾದ ಮರುಜನ್ಮ

ಹೀಗಿರುವಾಗ ಮುಂದೆ ಬಂದವರು ಮೇಸನ್ ಹಾಲೆಂಡ್ ಎಂಬ ಉದ್ಯಮಿ ಮತ್ತು ಮೈಕ್ ಪ್ರೆಸ್ ಎಂಬ ಪೈಲಟ್. ಹೊರಗಿನಿಂದ ಬಂದ ಹೂಡಿಕೆದಾರರಲ್ಲ, ಈ ವಿಮಾನದ ಬಳಕೆದಾರರ ಬಳಗದವರೇ. 2009ರ ಆಗಸ್ಟ್‌ನಲ್ಲಿ ಅವರ ‘ಎಕ್ಲಿಪ್ಸ್ ಏರೋಸ್ಪೇಸ್’ ದಿವಾಳಿ ಕಂಪನಿಯ ಆಸ್ತಿಯನ್ನು 4 ಕೋಟಿ ಡಾಲರಿಗೆ ಕೊಂಡಿತು. ಅದರಲ್ಲೂ ಅರ್ಧ ಮಾತ್ರ ನಗದು, ಉಳಿದದ್ದು ಸಾಲಪತ್ರ. ಮೊದಲ ಕಂಪನಿ ಈ ವಿಮಾನಕ್ಕೆ ಸುರಿದದ್ದು ಸುಮಾರು 100 ಕೋಟಿ ಡಾಲರ್!

4 ಕೋಟಿಗೆ ಸಿಕ್ಕಿದ್ದೇನು? ವಿಮಾನದ ಮಾನ್ಯತಾ ಪ್ರಮಾಣಪತ್ರ, ನಕ್ಷೆಗಳು, ತಯಾರಿಕೆಯ ಜಿಗ್‌ಗಳು, ಗೋದಾಮಿನಲ್ಲಿದ್ದ ಬಿಡಿಭಾಗಗಳು. ಒಂದು ಹೊಸ ಜೆಟ್‌ಗೆ ಪ್ರಮಾಣಪತ್ರ ಪಡೆಯಲು ವರ್ಷಗಟ್ಟಲೆ ಕಾಲ, ಕೋಟ್ಯಂತರ ಡಾಲರ್ ಬೇಕು. ಅದು ಸಿದ್ಧವಾಗಿಯೇ ಸಿಕ್ಕಿತ್ತು.

ಹೊಸ ಮಾಲೀಕರು ತಕ್ಷಣ ಹೊಸ ವಿಮಾನ ತಯಾರಿಸಲು ಹೋಗಲಿಲ್ಲ. ಮೊದಲು ಸರ್ವಿಸ್ ಕೇಂದ್ರ ತೆರೆದರು. ಬಿಡಿಭಾಗ ಪೂರೈಕೆ ಶುರು ಮಾಡಿದರು. ಹಳೆಯ ಕಂಪನಿ ಬಾಕಿ ಉಳಿಸಿದ್ದ ಸೌಲಭ್ಯಗಳನ್ನು ಹಾರುತ್ತಿರುವ ವಿಮಾನಗಳಿಗೆ ಅಳವಡಿಸತೊಡಗಿದರು. ಹಳೆಯ ವಿಮಾನಗಳನ್ನು ಪೂರ್ತಿ ನವೀಕರಿಸಿ ‘ಟೋಟಲ್ ಎಕ್ಲಿಪ್ಸ್’ ಹೆಸರಿನಲ್ಲಿ 21.5 ಲಕ್ಷ ಡಾಲರಿಗೆ ಮಾರಿದರು. 260 ವಿಮಾನಗಳಿದ್ದವಲ್ಲ, ಅಷ್ಟೂ ಮಾಲೀಕರು ಅವರಿಗೆ ಮೊದಲ ದಿನವೇ ಸಿದ್ಧವಿದ್ದ ಗಿರಾಕಿಗಳು.

ಇದರಲ್ಲಿ ಕಹಿಯೂ ಇತ್ತು. ದಿವಾಳಿ ಕೋರ್ಟಿನಲ್ಲಿ ಆಸ್ತಿ ಕೊಂಡವರಿಗೆ ಹಳೆಯ ಸಾಲ, ಹಳೆಯ ಭರವಸೆಗಳ ಹೊಣೆ ಬರುವುದಿಲ್ಲ. ಹಾಗಾಗಿ ಮೊದಲೇ ಪೂರ್ತಿ ಹಣ ಕೊಟ್ಟಿದ್ದ ಮಾಲೀಕರು ಅದೇ ಸೌಲಭ್ಯಕ್ಕೆ ಎರಡನೇ ಸಲ ಹಣ ಕೊಟ್ಟರು. ನ್ಯಾಯವೇ ಎಂದು ಕೇಳಿದರೆ ಅಲ್ಲ ಎನ್ನಬೇಕು. ಆದರೆ ಹಳೆಯ ಹೊಣೆಯೆಲ್ಲ ತಲೆಗೆ ಬರುತ್ತದೆ ಎಂದಿದ್ದರೆ ಕೊಳ್ಳಲು ಯಾರೂ ಬರುತ್ತಿರಲಿಲ್ಲ, ವಿಮಾನ ಗುಜರಿಗೆ ಹೋಗುತ್ತಿತ್ತು. ಪುನಶ್ಚೇತನ ಎಂಬ ಚೆಂದದ ಪದದ ಹಿಂದೆ ಯಾರೋ ಒಬ್ಬರು ನಷ್ಟ ನುಂಗಿರುತ್ತಾರೆ ಎಂಬುದನ್ನು ಮರೆಯಬಾರದು.

ಮತ್ತೆ ಅದೇ ಆಸೆ

2010ರಲ್ಲಿ ಹೆಲಿಕಾಪ್ಟರ್ ತಯಾರಕ ಸಿಕೋರ್ಸ್ಕಿ ಕಂಪನಿ ಹಣ ಹೂಡಿತು. ಮರುವರ್ಷ ಸುಧಾರಿತ ‘ಎಕ್ಲಿಪ್ಸ್ 550’ ಘೋಷಣೆಯಾಯಿತು. ಬೆಲೆ ಸುಮಾರು 27 ಲಕ್ಷ ಡಾಲರ್. ವಿಮಾನದ ಒಡಲನ್ನು ಪೋಲೆಂಡಿನಲ್ಲಿರುವ ಸಿಕೋರ್ಸ್ಕಿಯ ಕಾರ್ಖಾನೆಯಲ್ಲಿ ಮಾಡಿಸುವ ವ್ಯವಸ್ಥೆಯಾಯಿತು. 2014ರ ಹೊತ್ತಿಗೆ ಹೊಸ ವಿಮಾನಗಳು ಗ್ರಾಹಕರ ಕೈ ಸೇರತೊಡಗಿದವು. ಆದರೆ ಒಟ್ಟು ಮಾರಾಟ 40ನ್ನೂ ಮುಟ್ಟಲಿಲ್ಲ.

2015ರಲ್ಲಿ ಕಂಪನಿ ಕೆಸ್ಟ್ರೆಲ್ ಎಂಬ ಇನ್ನೊಂದು ವಿಮಾನ ಯೋಜನೆಯೊಂದಿಗೆ ವಿಲೀನವಾಗಿ ‘ಒನ್ ಏವಿಯೇಷನ್’ ಆಯಿತು. ದುಡಿದು ತರುವುದು ಒಂದು ಸರ್ವಿಸ್ ವ್ಯವಹಾರ, ತಿನ್ನುವುದು ಎರಡೆರಡು ಹೊಸ ವಿಮಾನಗಳ ಕನಸು. 2018ರ ಅಕ್ಟೋಬರ್‌ನಲ್ಲಿ ಮತ್ತೆ ದಿವಾಳಿ. ಆಸ್ತಿ ಮತ್ತೊಬ್ಬರ ಕೈಗೆ ಹೋಯಿತು. ಆಗಲೂ ಉಳಿದುಕೊಂಡದ್ದು ಹಾರುತ್ತಿರುವ ವಿಮಾನಗಳ ನಿರ್ವಹಣೆಯ ಕೆಲಸವೇ.

ಎಕ್ಲಿಪ್ಸ್ ನಡೆಸಿದವರಿಗೆ ಜಾಣತನ ಇರಲಿಲ್ಲ ಎನ್ನಲಾಗದು. ಅದೇ 2006ರಲ್ಲಿ ಮಾನ್ಯತೆ ಪಡೆದ ಸೆಸ್ನಾದ ಪುಟ್ಟ ಜೆಟ್ ಮಸ್ಟ್ಯಾಂಗ್ ಕೂಡ 2017ರವರೆಗೆ ಒಟ್ಟು 500 ದಾಟಲಿಲ್ಲ. ಹಳೆಯ, ಗಟ್ಟಿ, ಹೆಸರಾಂತ ಕಂಪನಿಗೇ ದಶಕದಲ್ಲಿ ಸಿಕ್ಕ ಮಾರುಕಟ್ಟೆ ಅಷ್ಟು. ವರ್ಷಕ್ಕೆ ಸಾವಿರದ ಮಾತು ಯಾರಿಗೂ ನಿಜವಾಗಲಿಲ್ಲ.

ನಮಗೇನು ಇದರಿಂದ?

ನಮ್ಮ ತರಗತಿಯಲ್ಲಿ ಪ್ಲೇಸ್‌ಮೆಂಟ್ ಮಾತು ಬಂದರೆ ‘ಡಿಸೈನ್’ ಅಂದವರಿಗೆ ಒಂದು ಮರ್ಯಾದೆ, ‘ಮೇಂಟೆನೆನ್ಸ್’ ಅಂದವರಿಗೆ ಇನ್ನೊಂದು. ಮನೆಯಲ್ಲೂ ಅಷ್ಟೇ. ‘ಇಂಜಿನಿಯರಿಂಗ್ ಓದಿ ರಿಪೇರಿ ಕೆಲಸಾನಾ?’ ಎಂದು ನೆಂಟರು ಕೇಳುತ್ತಾರೆ. ಆಲ್ಬುಕರ್ಕಿಯಲ್ಲಿ ಎರಡು ದಿವಾಳಿ ದಾಟಿ ಉಳಿದ ಕೆಲಸ ಯಾವುದು ಎಂದು ಅವರಿಗೆ ಹೇಳಬೇಕು ಅನ್ನಿಸುತ್ತದೆ. ಹೂಡಿಕೆದಾರರ ಮನಸ್ಸು ಬದಲಾದರೆ ಹೊಸದನ್ನು ಕಟ್ಟುವ ಕೆಲಸ ನಿಲ್ಲುತ್ತದೆ. ಆದರೆ ಮಾರಾಟವಾಗಿ ಬಳಕೆಯಲ್ಲಿರುವ ಯಂತ್ರಕ್ಕೆ ಕಂಪನಿ ಸತ್ತರೂ ಬದುಕಿದರೂ ನೋಡಿಕೊಳ್ಳುವ ಕೈ ಬೇಕೇ ಬೇಕು.

ಹಾಗಂತ ಸ್ಟಾರ್ಟಪ್‌ಗೆ ಸೇರಬೇಡಿ ಎನ್ನುತ್ತಿಲ್ಲ. ಎಕ್ಲಿಪ್ಸ್‌ನಲ್ಲಿ ಫ್ರಿಕ್ಷನ್ ಸ್ಟರ್ ವೆಲ್ಡಿಂಗ್ ಕಲಿತವರ ವಿದ್ಯೆಯನ್ನು ಯಾವ ದಿವಾಳಿ ಕೋರ್ಟೂ ಹರಾಜು ಹಾಕಲಿಲ್ಲ. ಆದರೆ ಸೇರುವ ಮುನ್ನ ಸಂದರ್ಶನದಲ್ಲಿ ನಾವೂ ಎರಡು ಪ್ರಶ್ನೆ ಕೇಳಬಹುದು. ಈ ಬೆಲೆಗೆ ನೀವು ವರ್ಷಕ್ಕೆ ಎಷ್ಟು ಮಾರಿದರೆ ನಷ್ಟವಿಲ್ಲ, ಈಗ ಎಷ್ಟು ಮಾರುತ್ತಿದ್ದೀರಿ? ಈಗಾಗಲೇ ಮಾರಿದ್ದು ಕೆಟ್ಟರೆ ನೋಡಿಕೊಳ್ಳಲು ಎಷ್ಟು ಜನ ಇದ್ದಾರೆ? ಉತ್ತರ ನೇರವಾಗಿ ಬಂದರೆ ಧೈರ್ಯವಾಗಿ ಸೇರಬಹುದು. ‘ನಮ್ಮ ವಿಷನ್ ನೋಡಿ’ ಎಂದು ಮಾತು ತಿರುಗಿಸಿದರೆ, ಆಫರ್ ಲೆಟರ್‌ಗೆ ಸಹಿ ಹಾಕುವ ಮೊದಲು ಇನ್ನೆರಡು ಕಡೆ ಅರ್ಜಿ ಹಾಕಿಡುವುದು ಒಳ್ಳೆಯದು.