ಬರದ ಸೀಮೆಯಲ್ಲಿ ಕೊಳೆಯುವ ಈರುಳ್ಳಿ

ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಬರಪೀಡಿತ ಪ್ರದೇಶಗಳ ಪಟ್ಟಿಯಲ್ಲಿ. ವರ್ಷಕ್ಕೆ 500 ಮಿ.ಮೀ. ಆಸುಪಾಸಿನ ಮಳೆಯನ್ನಷ್ಟೇ ಕಾಣುವ ಈ ಸೀಮೆಯಲ್ಲಿ ತರಕಾರಿ ಬೆಳೆ ನೀರು ನಿಂತು ಕೊಳೆಯಿತೆಂದರೆ ರಾಜಧಾನಿಯಲ್ಲಿ ಕುಳಿತವರಿಗೆ ನಂಬುವುದು ಕಷ್ಟ. ಇಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಉತ್ತರೆ, ಹಸ್ತ, ಚಿತ್ತೆ ಮಳೆಗಳ ಕಾಲದಲ್ಲಿ. ಮುಂಗಾರಿನಲ್ಲಿ ಬಿತ್ತಿದ ಈರುಳ್ಳಿಯನ್ನು ಕೀಳುವ ಹೊತ್ತೂ ಅದೇ. ಮೂರು ತಿಂಗಳು ಮೋಡ ನೋಡಿ ಬಾರೆಂದು ಬೇಡಿಕೊಂಡವನು ನಾಲ್ಕನೆಯ ತಿಂಗಳು ಅದೇ ಮೋಡಕ್ಕೆ ಹೆದರಬೇಕು.

ಕಿತ್ತ ಗೆಡ್ಡೆ ಹೊಲದಲ್ಲಿ ಒಣಗುತ್ತಿರುವಾಗ ಎರಡು ದಿನ ಜಡಿಮಳೆ ಹಿಡಿದರೆ ಸಾಕು, ಕುತ್ತಿಗೆಯ ಭಾಗದಿಂದ ಕೊಳೆ ಇಳಿಯುತ್ತದೆ. ಹೊರಗಿನ ಸಿಪ್ಪೆ ಚೆನ್ನಾಗಿಯೇ ಕಾಣುವುದರಿಂದ ಚೀಲ ತುಂಬಿ ಬೆಂಗಳೂರಿಗೆ ಕಳಿಸಿದ ಮೇಲಷ್ಟೇ ನಷ್ಟ ಬಯಲಾಗುತ್ತದೆ. ಟೊಮೆಟೊದ ಕಥೆ ಬೇರೆ. ಬೇರಿಗೆ ಗಾಳಿ ಸಿಗದೆ ಒಂದೆರಡು ದಿನ ಕಳೆದರೆ ಗಿಡ ಸೊರಗುತ್ತದೆ. ಬದುಕಿದರೂ ಅಂಗಮಾರಿ ರೋಗ ಕಾದು ಕುಳಿತಿರುತ್ತದೆ.

ನದಿ ಪಾತ್ರದವರಿಗೆ ಇನ್ನೊಂದು ಭಯವಿದೆ. 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ 1933ರ ಬಳಿಕ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅದರ ಕೆಳಗೆ ವೇದಾವತಿಯು ಚಳ್ಳಕೆರೆ ತಾಲ್ಲೂಕನ್ನು ಹಾದು ಆಂಧ್ರದ ಭೈರವಾನಿತಿಪ್ಪ ಜಲಾಶಯದತ್ತ ಹರಿಯುತ್ತದೆ. ಸುಮಾರು ತೊಂಬತ್ತು ವರ್ಷ ಜಲಾಶಯದ ಕೋಡಿಯನ್ನೇ ಕಾಣದ ಹೊಳೆಯ ಅಂಚಿನಲ್ಲಿ ಪ್ರವಾಹದ ನೆನಪು ಉಳಿಯುವುದಾದರೂ ಹೇಗೆ? ಆದರೆ 2025ರ ಜನವರಿಯಲ್ಲಿ ಜಲಾಶಯ ಪುನಃ ಕೋಡಿ ಬಿದ್ದಿತು.

ಮಳೆ ನಿಂತ ಮೊದಲ ಎರಡು ದಿನಗಳ ಕೆಲಸವೇ ಮುಖ್ಯ. ನೀರು ನಿಂತ ಕಡೆ ಇಳಿಜಾರಿಗೆ ಬಸಿಗಾಲುವೆ ತೆಗೆಯಬೇಕು. ಅಗತ್ಯಬಿದ್ದರೆ ಬದು ಒಡೆಯಬೇಕು. ಹನಿ ನೀರನ್ನೂ ಹಿಡಿದಿಡಲು ಕಟ್ಟಿದ ಬದುವನ್ನು ಒಡೆಯಲು ಇಲ್ಲಿಯ ರೈತನಿಗೆ ಕೈ ಬಾರದು ಎಂಬುದೂ ನಿಜ. ಎರೆಭೂಮಿ ಹದಕ್ಕೆ ಬರುವ ಮುನ್ನ ತುಳಿದಾಡಿದರೆ ಮಣ್ಣು ಗಟ್ಟಿಯಾಗಿ ಬೇರಿನ ಉಸಿರು ಇನ್ನಷ್ಟು ಕಟ್ಟುತ್ತದೆ. ಬಿದ್ದ ಗಿಡಗಳನ್ನು ಎತ್ತಿ ಕಟ್ಟಿ, ರೋಗ ತಗುಲಿದ ಎಲೆ, ಕಾಯಿಗಳನ್ನು ಹೊಲದಿಂದ ಹೊರಗೆ ಹಾಕಿ, ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ ಸಿಂಪಡಿಸುವುದು ರೂಢಿಯಲ್ಲಿರುವ ಕ್ರಮ. ಮುಂದಿನ ಬೆಳೆಗೆ ಏರುಮಡಿಯೇ ಲೇಸು. ನೆನೆದ ಈರುಳ್ಳಿಯನ್ನು ಮಾತ್ರ ಒಣಗಿದ ರಾಶಿಯೊಂದಿಗೆ ಬೆರೆಸಲೇಬಾರದು.

ಇಷ್ಟನ್ನು ರೈತ ಮಾಡಿಯಾನು. ಪರಿಹಾರದ ಲೆಕ್ಕ ಅವನ ಕೈಯಲ್ಲಿಲ್ಲ. 2022–26ರ ಅವಧಿಗೆ ಕೇಂದ್ರ ನಿಗದಿಪಡಿಸಿದ ಮಾನದಂಡದಂತೆ ಶೇ 33ಕ್ಕಿಂತ ಕಡಿಮೆ ನಷ್ಟಕ್ಕೆ ಪರಿಹಾರವಿಲ್ಲ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿ ಬೆಳೆಗೆ 17,000 ರೂಪಾಯಿ, ಅದೂ ಎರಡು ಹೆಕ್ಟೇರಿಗೆ ಸೀಮಿತ. ಎಕರೆಗೆ ಏಳು ಸಾವಿರವೂ ಆಗದ ಈ ಮೊತ್ತ ಟೊಮೆಟೊದ ಸಸಿ, ಊರುಗೋಲು, ದಾರ, ಕೂಲಿಯ ಮುಂದೆ ಯಾವ ಮೂಲೆಗೆ? ಗದ್ದೆ ಮುಳುಗಿದ್ದು ಕಣ್ಣಿಗೆ ಕಾಣುತ್ತದೆ. ಈರುಳ್ಳಿಯ ಕೊಳೆ ಸಮೀಕ್ಷೆಯ ಅಧಿಕಾರಿ ಬಂದುಹೋದ ವಾರದ ನಂತರ ಕಾಣುತ್ತದೆ.

ಫಸಲ್ ಬಿಮಾ ಯೋಜನೆಯಲ್ಲಿ, ಕೊಯ್ದು ಹೊಲದಲ್ಲಿ ಒಣಗಲು ಹರಡಿದ ಬೆಳೆಗೆ ಅಕಾಲಿಕ ಮಳೆಯಿಂದ ಹಾನಿಯಾದರೆ 14 ದಿನಗಳವರೆಗೆ ರಕ್ಷಣೆಯುಂಟು. ಆದರೆ 72 ಗಂಟೆಗಳೊಳಗೆ ದೂರು ದಾಖಲಾಗಬೇಕು. ಈ ನಿಯಮವನ್ನು ಬಿತ್ತನೆಯ ಕಾಲದಲ್ಲೇ ಪಂಚಾಯಿತಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಲು ಹೆಚ್ಚು ಖರ್ಚಾಗದು. ಗುತ್ತಿಗೆಗೆ ಉಳುವವನ ಸ್ಥಿತಿ ಇನ್ನೂ ಕಠಿಣ: ಬೆಳೆ ಅವನದು, ಸಾಲ ಅವನದು, ಪಹಣಿ ಮಾತ್ರ ಬೇರೆಯವರ ಹೆಸರಿನಲ್ಲಿರುವುದರಿಂದ ಪರಿಹಾರದ ಹಣವೂ ಅವರ ಖಾತೆಗೇ ಜಮೆಯಾಗುತ್ತದೆ.