ಒಪ್ಪಂದದ ಗೆರೆ ರಾಜ್ಯದ ಗಡಿಯಾದದ್ದು ಹೇಗೆ?

ಬಿದ್ರಿಯ ಸಹಕಾರಿ ಸಕ್ಕರೆ ಕಾರ್ಖಾನೆಯ ಹೆಸರಿನಲ್ಲೇ ಎರಡು ನದಿಗಳಿವೆ: ದೂಧಗಂಗಾ ಮತ್ತು ವೇದಗಂಗಾ. ಎರಡೂ ಸಹ್ಯಾದ್ರಿಯಲ್ಲಿ ಹುಟ್ಟಿ, ಕೊಲ್ಲಾಪುರ ಜಿಲ್ಲೆಯ ಹೊಲಗಳಿಗೆ ನೀರು ಕೊಟ್ಟು, ನಿಪ್ಪಾಣಿ-ಚಿಕ್ಕೋಡಿ ಸೀಮೆಗೆ ಇಳಿದು ಕೃಷ್ಣೆಯನ್ನು ಸೇರುತ್ತವೆ. ಅವುಗಳ ದಕ್ಷಿಣಕ್ಕೆ ಹಿರಣ್ಯಕೇಶಿ ಹರಿಯುತ್ತದೆ. ಅದು ಆಜರಾ, ಗಡಹಿಂಗ್ಲಜ ದಾಟಿ ಸಂಕೇಶ್ವರಕ್ಕೆ ಬಂದು, ಮುಂದೆ ಘಟಪ್ರಭೆಗೆ ಕೂಡುತ್ತದೆ. ನದಿಯ ಹಾಗೆಯೇ ಕಬ್ಬಿನ ಗಾಡಿ, ಸಂತೆ, ಜಾತ್ರೆ, ಹೆಣ್ಣು ಕೊಟ್ಟು ತರುವ ಸಂಬಂಧಗಳೂ ಈ ಕಡೆಯಿಂದ ಆ ಕಡೆಗೆ ನಡೆದೇ ಇವೆ. ಆದರೂ ಚಿಕ್ಕೋಡಿ ಕರ್ನಾಟಕದಲ್ಲಿದೆ, ಗಡಹಿಂಗ್ಲಜ ಮಹಾರಾಷ್ಟ್ರದಲ್ಲಿದೆ.

ಏಕೆ ಎಂದು ಕೇಳಿದರೆ ಬಹಳ ಮಂದಿ 1956ರ ರಾಜ್ಯ ಪುನರ್ವಿಂಗಡಣೆಯನ್ನು ತೋರಿಸುತ್ತಾರೆ. ಅದು ಅರ್ಧ ಉತ್ತರ. ಉಳಿದರ್ಧ 1812ರಿಂದ 1829ರವರೆಗಿನ ಒಪ್ಪಂದಗಳಲ್ಲಿದೆ. ಆ ಒಪ್ಪಂದಗಳನ್ನು ಮಾಡಿಸಿದ್ದು ಈಸ್ಟ್ ಇಂಡಿಯಾ ಕಂಪನಿ. ವಸಾಹತುಶಾಹಿ ಒಂದು ಸೀಮೆಯೊಳಗೆ ಹೇಗೆ ಕಾಲಿಟ್ಟಿತು, ಹೇಗೆ ಬೇರು ಬಿಟ್ಟಿತು, ಹೋದ ಮೇಲೂ ಏನನ್ನು ಉಳಿಸಿತು ಎಂಬುದನ್ನು ತಿಳಿಯಲು ಕೊಲ್ಲಾಪುರದಷ್ಟು ಸ್ಪಷ್ಟವಾದ ಉದಾಹರಣೆ ನಮ್ಮ ಹತ್ತಿರದಲ್ಲಿ ಇನ್ನೊಂದಿಲ್ಲ.

ಕಂಪನಿಗೆ ಈ ಸೀಮೆ ಏಕೆ ಬೇಕಾಯಿತು?

ಮೊದಲ ಕಾರಣ ಸಮುದ್ರ. ಕೊಲ್ಲಾಪುರದ ದೊರೆಗಳ ಕೈಯಲ್ಲಿ ಕೊಂಕಣದ ಮಾಲವಣ ಬಂದರು ಇತ್ತು. ಅಲ್ಲಿಂದ ಹೊರಟ ನೌಕೆಗಳು ಮುಂಬಯಿಯ ವ್ಯಾಪಾರಿ ಹಡಗುಗಳ ಮೇಲೆ ಬೀಳುತ್ತಿದ್ದವು. 1765ರಲ್ಲಿ ಕಂಪನಿ ಹಡಗು ಪಡೆ ಕಳಿಸಿ ಮಾಲವಣದ ಕೋಟೆಯನ್ನು ಹಿಡಿಯಿತು, ಮರುವರ್ಷ ಒಪ್ಪಂದ ಮಾಡಿಕೊಂಡು ಬಿಟ್ಟುಕೊಟ್ಟಿತು. ವ್ಯಾಪಾರದ ದಾರಿ ಕಾಯುವ ನೆಪದಲ್ಲಿ ಶುರುವಾದ ಸಂಬಂಧವಿದು.

ಎರಡನೆಯದು ಭೂಕಂದಾಯ. 1818ರಲ್ಲಿ ಪೇಶ್ವೆಯ ರಾಜ್ಯ ಬಿದ್ದ ಮೇಲೆ ಕಂಪನಿ ವ್ಯಾಪಾರಿಯಾಗಿ ಮಾತ್ರ ಉಳಿಯಲಿಲ್ಲ, ಕೃಷ್ಣೆಯಿಂದ ತುಂಗಭದ್ರೆಯವರೆಗೆ ಕಂದಾಯ ಎತ್ತುವ ದೊರೆಯಾಯಿತು. ದಂಡಿನ ಖರ್ಚು ರೈತನ ಹೊಲದಿಂದಲೇ ಹೊರಡಬೇಕಿತ್ತು. ಮೂರನೆಯದು ಹತ್ತಿ. ಬೆಳಗಾವಿ-ಧಾರವಾಡದ ಕರಿಮಣ್ಣಿನ ಹತ್ತಿಯ ಮೇಲೆ ಇಂಗ್ಲೆಂಡಿನ ಗಿರಣಿಗಳ ಕಣ್ಣು ಬಿದ್ದದ್ದು ಸ್ವಲ್ಪ ತಡವಾಗಿ. ಆದರೆ ಬಿದ್ದ ಮೇಲೆ ರಸ್ತೆ, ರೈಲು, ಭೂಮಾಪನ ಎಲ್ಲವೂ ಅದರ ಜತೆಗೆ ಬಂದವು.

ಬಾಗಿಲು ತೆರೆದವರು ಮಾತ್ರ ನಮ್ಮವರೇ. ಕೊಲ್ಲಾಪುರದ ದೊರೆ, ಪುಣೆಯ ಪೇಶ್ವೆ, ನಿಪ್ಪಾಣಿಯ ದೇಸಾಯಿ ಚಿಕ್ಕೋಡಿ ಮತ್ತು ಮುನವಳ್ಳಿ ಸೀಮೆಗಳಿಗಾಗಿ ತಮ್ಮತಮ್ಮಲ್ಲೇ ಕಾದಾಡಿ ಹಣ್ಣಾಗಿದ್ದರು. ಪಂಚಾಯಿತಿಗೆ ಮೂರನೆಯವರನ್ನು ಕರೆದರು, ಬಂದವನು ಯಜಮಾನನಾದ.

ಹಂತ ಒಂದು: ರಕ್ಷಣೆಯ ಮಾತು

1812ರ ಒಪ್ಪಂದವನ್ನು ನೋಡಿ. ಕೊಲ್ಲಾಪುರ ಮಾಲವಣದ ಕೋಟೆಯನ್ನು ಕಂಪನಿಗೆ ಕೊಟ್ಟಿತು. ಚಿಕ್ಕೋಡಿ, ಮುನವಳ್ಳಿಗಳ ಮೇಲಿನ ಹಕ್ಕನ್ನು ಬಿಟ್ಟಿತು. ಬೇರೆ ಸಂಸ್ಥಾನಗಳೊಡನೆ ಏನೇ ತಂಟೆ ಬಂದರೂ ತಾನಾಗಿ ಯುದ್ಧಕ್ಕೆ ಹೋಗದೆ ಕಂಪನಿಯ ತೀರ್ಪಿಗೆ ಒಪ್ಪಿಸುವುದಾಗಿ ಬರೆದುಕೊಟ್ಟಿತು. ಪ್ರತಿಯಾಗಿ ಸಿಕ್ಕದ್ದು ಹೊರಗಿನವರ ದಾಳಿಯಿಂದ ರಕ್ಷಣೆ.

ಒಂದು ರಾಜ್ಯದ ಸ್ವಾತಂತ್ರ್ಯ ಹೋಗುವುದು ಅದರ ರಾಜಧಾನಿ ಬಿದ್ದ ದಿನವಲ್ಲ. ಯಾರೊಡನೆ ಜಗಳ, ಯಾರೊಡನೆ ಸ್ನೇಹ ಎಂದು ತೀರ್ಮಾನಿಸುವ ಅಧಿಕಾರ ಕೈಬಿಟ್ಟ ದಿನ. ಹೈದರಾಬಾದಿನ ನಿಜಾಮರು 1798ರಲ್ಲಿ, ಮೈಸೂರಿನ ಒಡೆಯರು 1799ರಲ್ಲಿ ಇದೇ ಬಗೆಯ ಒಪ್ಪಂದಗಳಿಗೆ ಸಿಕ್ಕಿಬಿದ್ದಿದ್ದರು. ಅರಮನೆ, ಲಾಂಛನ, ದಸರೆಯ ಸವಾರಿ ಎಲ್ಲವೂ ಹಾಗೆಯೇ ಉಳಿದವು, ಗಡಿಯಾಚೆಗೆ ಮಾತಾಡುವ ಬಾಯಿ ಮಾತ್ರ ಕಂಪನಿಯದಾಯಿತು.

ಹಂತ ಎರಡು: ಕೊಟ್ಟು ಕಸಿಯುವುದು

1817-18ರ ಯುದ್ಧದಲ್ಲಿ ಕೊಲ್ಲಾಪುರ ಪೇಶ್ವೆಯ ವಿರುದ್ಧ ಕಂಪನಿಯ ಕಡೆ ನಿಂತಿತು. ಅದಕ್ಕೆ ಬಹುಮಾನವಾಗಿ ಚಿಕ್ಕೋಡಿ ಮತ್ತು ಮುನವಳ್ಳಿ ಅದಕ್ಕೆ ಮರಳಿದವು. ಆದರೆ ಆ ಬಹುಮಾನ ಹತ್ತು ವರ್ಷವೂ ನಿಲ್ಲಲಿಲ್ಲ. 1821ರಲ್ಲಿ ಪಟ್ಟಕ್ಕೆ ಬಂದ ದೊರೆ ನೆರೆಯವರ ಮೇಲೆ ದಂಡು ಹೊರಡಿಸತೊಡಗಿದ. ಕಂಪನಿಯ ಸೈನ್ಯ ಕೊಲ್ಲಾಪುರದ ಬಾಗಿಲಿಗೆ ಬಂತು. 1820ರ ದಶಕ ಮುಗಿಯುವ ಹೊತ್ತಿಗೆ ಮಾಡಿಸಿಕೊಂಡ ಒಪ್ಪಂದಗಳಲ್ಲಿ ದೊರೆಯ ಸೈನ್ಯವನ್ನು ಇಳಿಸಲಾಯಿತು, ಚಿಕ್ಕೋಡಿ-ಮುನವಳ್ಳಿಗಳನ್ನು ಕಸಿದುಕೊಳ್ಳಲಾಯಿತು.

ಇಂದಿನ ಗಡಿಯ ಮೂಲ ಇಲ್ಲಿದೆ. ಕಸಿದುಕೊಂಡ ಚಿಕ್ಕೋಡಿ ಕಂಪನಿಯ ನೇರ ಆಳ್ವಿಕೆಗೆ ಸೇರಿತು. 1836ರಲ್ಲಿ ಧಾರವಾಡದಿಂದ ಬೇರೆಯಾದ ಬೆಳಗಾವಿ ಜಿಲ್ಲೆಗೆ ಬಂತು. ಪಕ್ಕದ ಗಡಹಿಂಗ್ಲಜ, ಕಾಗಲ, ಶಿರೋಳ ಕೊಲ್ಲಾಪುರ ಸಂಸ್ಥಾನದಲ್ಲೇ ಉಳಿದವು. ಆ ಗೆರೆ ಎಳೆದವರು ಯಾವ ಊರಿನ ಜನ ಮನೆಯಲ್ಲಿ ಕನ್ನಡ ಆಡುತ್ತಾರೆ, ಯಾವ ಊರಿನವರು ಮರಾಠಿ ಆಡುತ್ತಾರೆ ಎಂದು ಕೇಳಿರಲಿಲ್ಲ. ಒಬ್ಬ ದೊರೆಗೆ ಎಷ್ಟು ದಂಡ ಹಾಕಬೇಕು ಎಂಬ ಲೆಕ್ಕದಲ್ಲಿ ಹುಟ್ಟಿದ ಗೆರೆ ಅದು.

ಹಂತ ಮೂರು: ಮಂತ್ರಿ, ಕಂದಾಯ, ಸಾಲ

1840ರ ದಶಕದ ಆರಂಭದಲ್ಲಿ ಕೊಲ್ಲಾಪುರದ ಪಟ್ಟದ ಮೇಲೆ ಎಳೆಯ ದೊರೆ ಇದ್ದ. ಆಡಳಿತ ನಡೆಸಲು ಬ್ರಿಟಿಷರು ದಾಜಿ ಕೃಷ್ಣ ಪಂಡಿತ ಎಂಬ ಮಂತ್ರಿಯನ್ನು ನೇಮಿಸಿದರು. ಆತ ಖರ್ಚು ಇಳಿಸಿ ಆದಾಯ ಏರಿಸುವ ಸುಧಾರಣೆಗಳಿಗೆ ಕೈಹಾಕಿದ. ಪೆಟ್ಟು ಮೊದಲು ತಗುಲಿದ್ದು ಗಡಕರಿಗಳಿಗೆ.

ಗಡಕರಿಗಳು ಕೋಟೆ ಕಾಯುವ ವಂಶಪಾರಂಪರ್ಯದ ಪಹರೆಯವರು. ಅವರಿಗೆ ಸಂಬಳದ ಬದಲು ಜಮೀನು ಇತ್ತು. ಆ ಜಮೀನು ಮಾಮಲೇದಾರರ ಹಿಡಿತಕ್ಕೆ ಹೋಗುತ್ತದೆ ಎಂದಾಗ ಅವರ ಅನ್ನಕ್ಕೂ ಮಾನಕ್ಕೂ ಒಟ್ಟಿಗೇ ಕುತ್ತು ಬಂತು. 1844ರಲ್ಲಿ ಗಡಹಿಂಗ್ಲಜದ ಹತ್ತಿರದ ಸಾಮಾನಗಡದಲ್ಲಿ ಗಡಕರಿಗಳು ಬಾಗಿಲು ಮುಚ್ಚಿ ಎದ್ದು ನಿಂತರು. ಭೂದರಗಡವೂ ಎದ್ದಿತು. ಬಂಡಾಯ ಕೊಲ್ಲಾಪುರ ಪಟ್ಟಣಕ್ಕೆ, ಸಾವಂತವಾಡಿಗೆ ಹಬ್ಬಿತು. ಕರ್ನಲ್ ಓವನ್ಸ್ ಎಂಬ ಬ್ರಿಟಿಷ್ ಅಧಿಕಾರಿಯನ್ನು ಬಂಡಾಯಗಾರರು ಹಿಡಿದು ಪನ್ಹಾಳ ಕೋಟೆಯಲ್ಲಿ ಸೆರೆಯಿಟ್ಟರು. ಬೆಳಗಾವಿಯಿಂದ ಸೈನ್ಯ ಬಂತು. ಅಕ್ಟೋಬರಿನಲ್ಲಿ ಸಾಮಾನಗಡ, ಡಿಸೆಂಬರಿನಲ್ಲಿ ಪನ್ಹಾಳ ಬಿದ್ದವು. ಕೋಟೆಗಳನ್ನು ಕೆಡವಿಸಿದರು, ಗಡಕರಿ ಪದ್ಧತಿಯೇ ಮುಗಿಯಿತು.

ಇದರ ಮುಂದಿನ ಭಾಗವನ್ನು ಗಮನವಿಟ್ಟು ನೋಡಬೇಕು. ಬಂಡಾಯ ಅಡಗಿಸಲು ತಗುಲಿದ ಖರ್ಚನ್ನು ಬ್ರಿಟಿಷರು ಕೊಲ್ಲಾಪುರದ ಮೇಲೆಯೇ ಸಾಲವಾಗಿ ಹೊರಿಸಿದರು. ತಮ್ಮನ್ನು ತುಳಿದ ಸೈನ್ಯದ ಬಾಬತ್ತನ್ನು ಇಲ್ಲಿಯ ರೈತರು ಕಂದಾಯದ ಮೂಲಕ ಕಟ್ಟಿದರು. ಸಾಲ ತೀರಬೇಕಾದರೆ ಆದಾಯ ಏರಬೇಕು. ಆದಾಯ ಏರಬೇಕಾದರೆ ಇನ್ನಷ್ಟು ಬಿಗಿ ಆಡಳಿತ ಬೇಕು. ಅದಕ್ಕಾಗಿ ಬ್ರಿಟಿಷ್ ಪೊಲಿಟಿಕಲ್ ಅಧಿಕಾರಿ ಕೊಲ್ಲಾಪುರದಲ್ಲೇ ಕೂತು ಆಡಳಿತ ನಡೆಸಿದ. ಸುಧಾರಣೆ, ಬಂಡಾಯ, ಸಾಲ, ಮತ್ತಷ್ಟು ಹಿಡಿತ: ವಸಾಹತು ಆಡಳಿತ ಬೇರು ಬಿಟ್ಟ ಕ್ರಮ ಇದೇ.

ಇಪ್ಪತ್ತು ವರ್ಷ ಮೊದಲು ಕಿತ್ತೂರಿನಲ್ಲಿ ದತ್ತು ಮಗುವನ್ನು ಒಪ್ಪದೆ ಸಂಸ್ಥಾನ ನುಂಗಲು ಹೋದಾಗ ರಾಣಿ ಚೆನ್ನಮ್ಮ ತಿರುಗಿ ನಿಂತದ್ದು ನಮ್ಮ ಮಕ್ಕಳಿಗೆಲ್ಲ ಗೊತ್ತು. ಸಾಮಾನಗಡದ ಗಡಕರಿಗಳು ಅದೇ ಯಂತ್ರದ ಇನ್ನೊಂದು ಹಲ್ಲಿಗೆ ಸಿಕ್ಕವರು. ಅವರನ್ನೂ ಅಷ್ಟೇ ಗೌರವದಿಂದ ನೆನೆಯಬೇಕು.

ಹಂತ ನಾಲ್ಕು: ಒಳಗಿನಿಂದ ಒಡೆಯುವುದು

1857ರ ಜುಲೈ 31ರ ರಾತ್ರಿ ಕೊಲ್ಲಾಪುರದಲ್ಲಿದ್ದ 27ನೆಯ ಮುಂಬಯಿ ದೇಶೀ ಪದಾತಿ ದಳ ದಂಗೆ ಎದ್ದಿತು. ಡಿಸೆಂಬರಿನಲ್ಲಿ ಪಟ್ಟಣವೇ ಇನ್ನೊಮ್ಮೆ ಎದ್ದಿತು. ದೊರೆ ಬ್ರಿಟಿಷರ ಕಡೆಗೇ ಉಳಿದ, ಆತನ ತಮ್ಮ ಚಿಮಾಸಾಹೇಬರ ಮೇಲೆ ಅನುಮಾನ ಬಿತ್ತು. ಅವರನ್ನು ಕರಾಚಿಗೆ ಗಡಿಪಾರು ಮಾಡಿದರು. ಅವರು 1869ರಲ್ಲಿ ಅಲ್ಲೇ ತೀರಿಕೊಂಡರು.

1862ರ ಒಪ್ಪಂದ ದೊರೆಗೆ ಆಡಳಿತವನ್ನು ಮರಳಿ ಕೊಟ್ಟಿತು. ಆದರೆ ಇಚಲಕರಂಜಿ, ಕಾಗಲ, ವಿಶಾಳಗಡ, ಬಾವಡಾದಂಥ ದೊಡ್ಡ ಜಹಗೀರುಗಳ ಮೇಲೆ ಬ್ರಿಟಿಷ್ ಅಧಿಕಾರಿಯ ಕಣ್ಣು ಉಳಿಯಿತು. ಜಹಗೀರದಾರರು ದೊರೆಗೆ ಅಧೀನರು, ಆದರೆ ದೊರೆಯನ್ನು ದಾಟಿ ಆ ಅಧಿಕಾರಿಯ ಬಾಗಿಲು ತಟ್ಟಬಹುದು. ಒಂದೇ ಸಂಸ್ಥಾನದಲ್ಲಿ ಎರಡು ಅಧಿಕಾರ ಕೇಂದ್ರಗಳು ಇದ್ದರೆ ಎರಡೂ ಮೂರನೆಯವನ ಮೇಲೆ ಅವಲಂಬಿಸುತ್ತವೆ. ಸ್ಥಳೀಯ ದೊರೆಯ ಮೂಲಕವೇ ಆಳುವ ಈ ಕ್ರಮವನ್ನು ಬ್ರಿಟಿಷರು ಮುಂದೆ ಉತ್ತರ ನೈಜೀರಿಯದ ಎಮೀರರ ನಾಡುಗಳಲ್ಲೂ ನಡೆಸಿದರು.

ಗೆರೆ ಗಟ್ಟಿಯಾದದ್ದು

1949ರ ಮಾರ್ಚ್ 1ರಂದು ಕೊಲ್ಲಾಪುರ ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು. ಅದರ ರಾಯಬಾಗ ಭಾಗ ಬೆಳಗಾವಿ ಜಿಲ್ಲೆಗೆ ಸೇರಿತು. ಗಡಹಿಂಗ್ಲಜ ಹೊಸ ಕೊಲ್ಲಾಪುರ ಜಿಲ್ಲೆಯಲ್ಲಿ ಉಳಿಯಿತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಾಗ ಅದರ ಚಂದಗಡ ತಾಲೂಕನ್ನು ಮಾತ್ರ ಬಿಟ್ಟು ಕೊಲ್ಲಾಪುರಕ್ಕೆ ಸೇರಿಸಿದರು. 1960ರ ಮೇ 1ರಂದು ಮಹಾರಾಷ್ಟ್ರ ಹುಟ್ಟಿತು.

ಮನಸ್ಸು ಮಾಡಿದ್ದರೆ ಗೆರೆಯನ್ನು ತಿದ್ದಬಹುದಿತ್ತು ಎಂಬುದಕ್ಕೆ ರಾಯಬಾಗ, ಚಂದಗಡಗಳೇ ಸಾಕ್ಷಿ. ಆದರೆ ಪುನರ್ವಿಂಗಡಣೆ ನಡೆದದ್ದು ಬಹುಮಟ್ಟಿಗೆ ಇಡೀ ಜಿಲ್ಲೆಗಳನ್ನು ಎತ್ತಿ ಇಡುವ ಕ್ರಮದಲ್ಲಿ. ಕನ್ನಡವೂ ಮರಾಠಿಯೂ ಬೆರೆತ ಒಂದೊಂದು ಹಳ್ಳಿಯ ಮಾತು ಆ ತೂಕದಲ್ಲಿ ಕೇಳಿಸಲಿಲ್ಲ. 1967ರ ಮಹಾಜನ ಆಯೋಗದ ವರದಿ ಎರಡೂ ಕಡೆಯ ಹಳ್ಳಿಗಳನ್ನು ಅದಲು ಬದಲು ಮಾಡಲು ಹೇಳಿತು, ಅದು ಜಾರಿಯಾಗಲಿಲ್ಲ. ಗೆರೆ ಎಳೆದದ್ದು ಕಂಪನಿ. ಗಟ್ಟಿ ಮಾಡಿದ ಹೊಣೆ ನಮ್ಮ ಸರಕಾರಗಳದು.

ಇಂದಿಗೂ ಉಳಿದದ್ದು ಏನು?

ಮೊದಲನೆಯದು ಶಾಲೆಯ ಭಾಷೆ. ಶಿರೋಳ ತಾಲೂಕಿನ ಖಿದ್ರಾಪುರದ ಕೋಪೇಶ್ವರ ಗುಡಿಯಲ್ಲಿ ಕನ್ನಡ ಶಾಸನಗಳಿವೆ. ಕೊಲ್ಲಾಪುರದ ಶಿಲಾಹಾರರ ಕಾಲದಲ್ಲಿ ಕನ್ನಡ ಇಲ್ಲಿಯ ಬರಹದ ಭಾಷೆಯೂ ಆಗಿತ್ತು. ಸಂಸ್ಥಾನದ ದಫ್ತರ ನಡೆದದ್ದು ಮಾತ್ರ ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ. ಗೆರೆಯ ಆಚೆ, ಬ್ರಿಟಿಷ್ ಜಿಲ್ಲೆಗಳಲ್ಲಿ, ಡೆಪ್ಯೂಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳನ್ನು ಕಟ್ಟಲು ಹೆಣಗಿದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಆ ಚಳವಳಿಯ ಫಲ ಚಿಕ್ಕೋಡಿಗೆ ತಲುಪಿದಷ್ಟು ಗಡಹಿಂಗ್ಲಜಕ್ಕೆ ತಲುಪಲಿಲ್ಲ. ಇಂದು ಈ ಭಾಗದ ಅದೆಷ್ಟೋ ಕನ್ನಡ ಮನೆಗಳಲ್ಲಿ ಅಜ್ಜಿ ಕನ್ನಡ ಆಡುತ್ತಾಳೆ, ಮೊಮ್ಮಗ ಮರಾಠಿಯಲ್ಲಿ ಬರೆಯುತ್ತಾನೆ. ಎರಡು ಭಾಷೆ ಬರುವುದು ಸಂಪತ್ತು, ಮನೆಯ ಭಾಷೆ ಓದಲು ಬಾರದಿರುವುದು ನಷ್ಟ.

ಎರಡನೆಯದು ರೈಲು. ಮೀರಜದಿಂದ ಕೊಲ್ಲಾಪುರಕ್ಕೆ 1891ರಲ್ಲಿ ರೈಲು ಬಂತು. ಅದು ರಾಜಧಾನಿಯನ್ನು ಮುಖ್ಯ ಮಾರ್ಗಕ್ಕೆ ಜೋಡಿಸುವ ದಾರಿ. ತೆಂಕಣ ತಾಲೂಕುಗಳು ಆ ನಕ್ಷೆಯ ಹೊರಗೇ ಉಳಿದವು. ಗಡಹಿಂಗ್ಲಜಕ್ಕೂ ನಿಪ್ಪಾಣಿಗೂ ಇಂದಿಗೂ ರೈಲು ಇಲ್ಲ.

ಮೂರನೆಯದು ನೀರು. ದೂಧಗಂಗೆಯ ಅಣೆಕಟ್ಟಿನ ನೀರಿನಲ್ಲಿ ಎರಡು ರಾಜ್ಯಗಳಿಗೆ ಪಾಲಿದೆ. ಮಳೆಗಾಲದಲ್ಲಿ ಮೇಲೆ ಬಿಟ್ಟ ನೀರು ಕೆಳಗಿನ ಊರಿಗೆ ನುಗ್ಗಿದರೆ ಎರಡು ರಾಜಧಾನಿಗಳ ಅಧಿಕಾರಿಗಳು ಮಾತಾಡಿಕೊಳ್ಳಬೇಕು. ಒಂದೇ ನದಿಯ ದಂಡೆಯ ರೈತರು ಪರಿಹಾರಕ್ಕೆ ಬೇರೆ ಬೇರೆ ಸರಕಾರಗಳ ಬಾಗಿಲಿಗೆ ಹೋಗಬೇಕು.

ಹಾಗೆಂದು ಈ ನೆಲದ ಜನ ಸುಮ್ಮನೆ ಅನುಭವಿಸಿ ಕೂತವರಲ್ಲ. 1894ರಲ್ಲಿ ಅಧಿಕಾರ ಕೈಗೆ ಬಂದ ಶಾಹು ಮಹಾರಾಜರು ತಮಗೆ ಉಳಿದಿದ್ದ ಒಳ ಆಡಳಿತದ ಅಧಿಕಾರವನ್ನು ಪೂರ್ತಿಯಾಗಿ ಬಳಸಿದರು. 1902ರಲ್ಲಿ ಹಿಂದುಳಿದವರಿಗೆ ಸರಕಾರಿ ನೌಕರಿಯಲ್ಲಿ ಶೇಕಡಾ 50ರಷ್ಟು ಸ್ಥಾನ ಮೀಸಲಿಟ್ಟರು. ಲಿಂಗಾಯತ, ಜೈನ, ಮರಾಠಾ, ಮುಸ್ಲಿಂ, ದಲಿತ ವಿದ್ಯಾರ್ಥಿಗಳಿಗೆ ವಸತಿಗೃಹಗಳು ಎದ್ದವು. ಈ ಸೀಮೆಯ ಕನ್ನಡ ಮನೆಗಳ ಮಕ್ಕಳಿಗೂ ಅಲ್ಲಿ ಜಾಗ ಸಿಕ್ಕಿತು. ಭೋಗಾವತಿ ನದಿಗೆ ರಾಧಾನಗರಿಯಲ್ಲಿ ಅಣೆಕಟ್ಟಿನ ಕೆಲಸ ಶುರುವಾಯಿತು. ಇಚಲಕರಂಜಿಯಲ್ಲಿ ನಾರಾಯಣರಾವ್ ಘೋರ್ಪಡೆಯವರ ಕಾಲದಲ್ಲಿ, 1904ರಲ್ಲಿ, ವಿಠ್ಠಲರಾವ್ ದಾತಾರರು ಮೊದಲ ವಿದ್ಯುತ್ ಮಗ್ಗ ಹೂಡಿದರು. ವಿಲಾಯತಿ ಬಟ್ಟೆ ಕೈಮಗ್ಗವನ್ನು ಹಿಂಡುತ್ತಿದ್ದ ಕಾಲದಲ್ಲಿ ಹುಟ್ಟಿದ ಆ ಪೇಟೆ ಇಂದಿಗೂ ಗಡಿಯ ಎರಡೂ ಕಡೆಯ ನೇಕಾರರಿಗೆ ಅನ್ನ ಕೊಡುತ್ತಿದೆ.

ನಿಮ್ಮ ಊರಿನ ಕಥೆ ತಿಳಿಯುವುದು ಹೇಗೆ?

ನಾಲ್ಕು ಪ್ರಶ್ನೆಗಳಿಂದ ಶುರುಮಾಡಿ. 1818ಕ್ಕೆ ಮೊದಲು ನಿಮ್ಮ ಊರು ಯಾರ ಕೈಯಲ್ಲಿತ್ತು: ಪೇಶ್ವೆ, ಕೊಲ್ಲಾಪುರ, ಪಟವರ್ಧನರು, ನಿಪ್ಪಾಣಿ? 1830ರ ಹೊತ್ತಿಗೆ ಬ್ರಿಟಿಷ್ ಜಿಲ್ಲೆಯಲ್ಲಿತ್ತೋ ಸಂಸ್ಥಾನದಲ್ಲಿತ್ತೋ? 1949ರಲ್ಲಿ ಯಾವ ಜಿಲ್ಲೆಗೆ ಸೇರಿತು? 1956ರಲ್ಲಿ ಯಾವ ರಾಜ್ಯಕ್ಕೆ ಹೋಯಿತು? ಮೊದಲ ಎರಡಕ್ಕೆ ಮುಂಬಯಿ ಇಲಾಖೆಯ ಹಳೆಯ ಗ್ಯಾಸೆಟಿಯರುಗಳು ನೆರವಾಗುತ್ತವೆ. ಬೆಳಗಾವಿಯದು 1884ರದು, ಕೊಲ್ಲಾಪುರದ್ದು 1886ರದು. ಅವು ಆಳುವವರು ಬರೆಸಿದ ಪುಸ್ತಕಗಳು ಎಂಬುದನ್ನು ಮರೆಯದೆ ಓದಬೇಕು. ಅವುಗಳಲ್ಲಿ ಗಡಕರಿ ಬಂಡಾಯಗಾರ, ಸೈನ್ಯದ್ದು ಶಾಂತಿ ಸ್ಥಾಪನೆ. ಸಂಸ್ಥಾನದ ಕಡೆಯ ಮಾತು ಕೊಲ್ಲಾಪುರದ ಪುರಾಲೇಖಾಗಾರದ ಮೋಡಿ ಕಾಗದಗಳಲ್ಲಿದೆ. ಮೋಡಿ ಓದಬಲ್ಲ ಕನ್ನಡದ ಹುಡುಗ ಹುಡುಗಿಯರು ಬೇಕಾಗಿದ್ದಾರೆ. ಮನೆಯಲ್ಲಿ ಹಳೆಯ ಇನಾಮಿನ ಸನದು, ವತನದ ಕಾಗದ, ಜಮೀನಿನ ಉತಾರಗಳಿದ್ದರೆ ಫೋಟೊ ತೆಗೆದಿಡಿ, ಹಿರಿಯರನ್ನು ಕೂರಿಸಿ ಕೇಳಿ ಬರೆದುಕೊಳ್ಳಿ.

ಈ ಉತ್ತರಗಳು ಕೈಗೆ ಬಂದರೆ ಗಡಿಯ ಜಗಳ ಬೇರೆಯೇ ಕಾಣುತ್ತದೆ. ಆ ಗೆರೆ ಕನ್ನಡಿಗ ಮರಾಠಿಗನಿಗೆ ಮಾಡಿದ ಅನ್ಯಾಯವಲ್ಲ, ಮರಾಠಿಗ ಕನ್ನಡಿಗನಿಗೆ ಮಾಡಿದ ಅನ್ಯಾಯವೂ ಅಲ್ಲ. ಇಬ್ಬರನ್ನೂ ಕೇಳದೆ, ಕಂದಾಯಕ್ಕೂ ದಂಡಿಗೂ ಅನುಕೂಲವಾಗುವಂತೆ ಎಳೆದದ್ದು. ಅದನ್ನು ಅಳಿಸುವುದು ಇಂದು ಯಾರ ಕೈಯಲ್ಲೂ ಇಲ್ಲದಿರಬಹುದು. ಗಡಹಿಂಗ್ಲಜದ ಮಗುವಿಗೆ ಕನ್ನಡ ಓದು, ನಿಪ್ಪಾಣಿಯ ಮಗುವಿಗೆ ಮರಾಠಿ ಓದು, ದೂಧಗಂಗೆಯ ಎರಡೂ ದಂಡೆಗೆ ಒಂದೇ ಮುನ್ಸೂಚನೆ: ಇಷ್ಟನ್ನು ಮಾಡುವುದಕ್ಕೆ ಗಡಿ ಬದಲಾಗಬೇಕಾಗಿಲ್ಲ. ಎರಡು ಸರಕಾರಗಳು ಮನಸ್ಸು ಮಾಡಿದರೆ ಸಾಕು, ಎರಡೂ ಕಡೆಯ ಜನ ಒಟ್ಟಾಗಿ ಕೇಳಿದರೆ ಅವು ಮನಸ್ಸು ಮಾಡಲೇಬೇಕಾಗುತ್ತದೆ.